ಟಿಪ್ಪುವಿನ ಬಂದೂಕಿನ ಮೇಲೆ ಇನ್ನೊಂದು ಹೆಸರು

ಟಿಪ್ಪು ಸುಲ್ತಾನ್ ಅಂದ ಕೂಡಲೇ ನಮ್ಮ ಮನೆಗಳ ಮಕ್ಕಳಿಗೆ ನೆನಪಾಗುವುದು ಖಡ್ಗ. ಶಾಲೆಯ ಛದ್ಮವೇಷದಲ್ಲಿ ಖಡ್ಗ, ಗೋಡೆಯ ಚಿತ್ರದಲ್ಲಿ ಖಡ್ಗ, ಹಿಂದೆ ಟಿವಿಯಲ್ಲಿ ಬಂದ ಧಾರಾವಾಹಿಯ ಹೆಸರಲ್ಲೂ ಖಡ್ಗ. ಆದರೆ ಸುಲ್ತಾನರು ತಮ್ಮ ನೆಲದಲ್ಲಿ, ತಮ್ಮ ಜನರ ಕೈಯಲ್ಲಿ ಮಾಡಿಸಿದ ವಸ್ತುಗಳಲ್ಲಿ ಬಂದೂಕಿಗೆ ಇರುವ ಸ್ಥಾನವೇ ಬೇರೆ. ಅವರ ಸ್ವಂತ ಆಯುಧಶಾಲೆಯ ಬಂದೂಕುಗಳು ಇವತ್ತು ಲಂಡನ್ನಿನ ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಹೋಗುತ್ತವೆ. ಅವುಗಳ ನಳಿಗೆಯ ಮೇಲೆ ಚಿನ್ನದ ಅಕ್ಷರ ಉಂಟು, ಹುಲಿಯ ಪಟ್ಟೆ ಉಂಟು, ಮಾಡಿದ ವರ್ಷ ಉಂಟು. ಜೊತೆಗೆ ಮಾಡಿದವನ ಹೆಸರೂ ಉಂಟು. ಈ ವಾರ ನಾವು ಸುಲ್ತಾನರ ಬದುಕನ್ನು ಈ ಬಂದೂಕುಗಳ ದಾರಿಯಲ್ಲಿ ಹೇಳಬೇಕೆಂದಿದ್ದೇವೆ.

ಕರಾವಳಿಯಿಂದ ಬಂದು ಬೆಂಗಳೂರಿನ ಸಾರಕ್ಕಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಈ ಕಥೆ ಎರಡು ಕಡೆಯಿಂದ ಹತ್ತಿರದ್ದು. ಒಂದು ಕಡೆ ಹುಟ್ಟೂರಿನ ಮಂಗಳೂರು ಬಂದರು. ಇನ್ನೊಂದು ಕಡೆ ಈಗಿನ ಮನೆಯ ಪಕ್ಕದ ಮೆಟ್ರೋ. ಸಾರಕ್ಕಿ ಸಿಗ್ನಲ್ ಹತ್ತಿರದ ಜಯಪ್ರಕಾಶ ನಗರ ನಿಲ್ದಾಣದಲ್ಲಿ ಹಸಿರು ಮೆಟ್ರೋ ಹತ್ತಿದರೆ ಬನಶಂಕರಿ, ಜಯನಗರ ದಾಟಿ ಲಾಲ್‌ಬಾಗ್ ಬರುತ್ತದೆ. ಅದು ಹೈದರ್ ಅಲಿ ಹಾಕಿಸಿ ಮಗ ಬೆಳೆಸಿದ ತೋಟ. ಮುಂದೆ ನ್ಯಾಷನಲ್ ಕಾಲೇಜು, ಆಮೇಲೆ ಕೆ.ಆರ್. ಮಾರುಕಟ್ಟೆ. ಅಲ್ಲಿ ಇಳಿದರೆ ಕೋಟೆ ಉಂಟು, ಟಿಪ್ಪುವಿನ ಮರದ ಅರಮನೆ ಉಂಟು. ಮಾರುಕಟ್ಟೆಯ ಆಚೆಗಿನ ಪೇಟೆಯೊಳಗೆ ತಾರಾಮಂಡಲ ಪೇಟೆ ಎಂಬ ಹೆಸರಿನ ಜಾಗ ಉಂಟು. ಆ ಹೆಸರು ನಕ್ಷತ್ರ ನೋಡುವವರಿಂದ ಬಂದದ್ದಲ್ಲ, ಆಯುಧದ ಕಾರ್ಖಾನೆಯಿಂದ ಬಂದದ್ದು. ಅಲ್ಲಿಗೆ ಹೇಗೆ ಬಂತೆಂದು ತಿಳಿಯಲು ಮೊದಲಿನಿಂದ ಹೇಳಬೇಕು.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 18ನೇ ಶತಮಾನದ ನಡುಭಾಗದಲ್ಲಿ. ತಂದೆ ಹೈದರ್ ಅಲಿ, ತಾಯಿ ಫಾತಿಮಾ ಫಖ್ರುನ್ನಿಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರ್ ಅಲಿಗೆ ಓದು ಬರಹ ಬರುತ್ತಿರಲಿಲ್ಲ. ಸಾಮಾನ್ಯ ಸಿಪಾಯಿಗಳ ನಡುವಿನಿಂದ ಮೇಲೆ ಬಂದು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡ ಮನುಷ್ಯ ಅವರು. ತನಗೆ ಸಿಗದ ವಿದ್ಯೆ ಮಗನಿಗೆ ಸಿಗಲೇಬೇಕೆಂದು ಒಳ್ಳೊಳ್ಳೆ ಗುರುಗಳನ್ನು ಇಟ್ಟರು. ಪಾರಸಿ, ಅರಬ್ಬಿ, ಕುರ್‌ಆನ್ ಓದು ಒಂದು ಕಡೆ. ಗಾಝಿ ಖಾನ್ ಎಂಬ ಸೇನಾನಿಯ ಕೈಕೆಳಗೆ ಕುದುರೆ ಸವಾರಿ, ಗುರಿ ಹೊಡೆಯುವುದು ಇನ್ನೊಂದು ಕಡೆ. ಪುಸ್ತಕ ಮತ್ತು ಬಂದೂಕು, ಎರಡರ ಪ್ರೀತಿಯೂ ಟಿಪ್ಪುವಿಗೆ ಕೊನೆಯವರೆಗೆ ಬಿಡಲಿಲ್ಲ. ಅವರು ತೀರಿಕೊಂಡಾಗ ಅರಮನೆಯಲ್ಲಿ ಸುಮಾರು ಎರಡು ಸಾವಿರ ಪುಸ್ತಕಗಳಿದ್ದವು.

ಹದಿಹರೆಯದಲ್ಲೇ ಯುದ್ಧಕ್ಕೆ ಇಳಿದ ಟಿಪ್ಪುವಿಗೆ ದೊಡ್ಡ ಹೆಸರು ತಂದದ್ದು 1780ರ ಸೆಪ್ಟೆಂಬರಿನ ಪೊಲ್ಲಿಲೂರು ಕಾಳಗ. ಇಂಗ್ಲಿಷರ ಮದ್ದಿನ ಬಂಡಿಗಳಿಗೆ ಬೆಂಕಿ ಬಿದ್ದು ಅವರ ಒಂದು ಪಡೆ ಪೂರ್ತಿ ನೆಲಕಚ್ಚಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ ಆ ಚಿತ್ರ ಈಗಲೂ ಉಂಟು, ಹೋದವರೆಲ್ಲ ನೋಡಿರ್ತೀರಿ.

ಆದರೆ ಆ ಯುದ್ಧಕ್ಕೆ ಕಾರಣವಾದ ಒಂದು ಸಂಗತಿಯನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಹೈದರ್ ಅಲಿಗೆ ಯುರೋಪಿನ ಬಂದೂಕು, ಮದ್ದು, ಗುಂಡು ಬರುತ್ತಿದ್ದುದು ಬಹುಪಾಲು ಫ್ರೆಂಚರ ವಶದಲ್ಲಿದ್ದ ಮಾಹೆ ಬಂದರಿನ ಮೂಲಕ. 1779ರಲ್ಲಿ ಇಂಗ್ಲಿಷರು ಮಾಹೆಯನ್ನು ಕಿತ್ತುಕೊಂಡರು. ಆಯುಧ ಬರುವ ಬಾಗಿಲು ಮುಚ್ಚಿತು. ಬೇರೆಯವರ ಬಂದರನ್ನು, ಬೇರೆಯವರ ಕಾರ್ಖಾನೆಯನ್ನು ನಂಬಿ ರಾಜ್ಯ ಕಟ್ಟಿದರೆ ಏನಾಗುತ್ತದೆ ಅಂತ ತಂದೆ ಮಗ ಇಬ್ಬರೂ ಅಂದು ನೋಡಿದರು.

1782ರ ಡಿಸೆಂಬರ್ 7ರಂದು ಹೈದರ್ ಅಲಿ ಚಿತ್ತೂರಿನ ಬಳಿ ಡೇರೆಯಲ್ಲೇ ತೀರಿಕೊಂಡರು. ಮಲಬಾರಿನಲ್ಲಿದ್ದ ಟಿಪ್ಪು ಓಡಿ ಬಂದು ಪಟ್ಟಕ್ಕೆ ಬಂದರು. ಬಂದ ಕೂಡಲೇ ಎದುರಾದದ್ದು ನಮ್ಮ ಮಂಗಳೂರು. 1783ರಲ್ಲಿ ಇಂಗ್ಲಿಷರು ಮಂಗಳೂರು ಕೋಟೆಯನ್ನು ಹಿಡಿದಿದ್ದರು. ಮೇ ತಿಂಗಳಿನಿಂದ ಟಿಪ್ಪು ಮುತ್ತಿಗೆ ಹಾಕಿ ಕುಳಿತರು. ಜೊತೆಗೆ ಫ್ರೆಂಚ್ ಸೈನಿಕರೂ, ಕೋಟೆ ಒಡೆಯುವ ವಿದ್ಯೆ ಬಲ್ಲವರೂ ಇದ್ದರು. ಅಷ್ಟರಲ್ಲಿ ದೂರದ ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯಾಯಿತು ಅಂತ ಸುದ್ದಿ ಬಂತು. ಮುತ್ತಿಗೆಯ ನಟ್ಟನಡುವೆ ಫ್ರೆಂಚರು ಗಂಟುಮೂಟೆ ಕಟ್ಟಿ ಪಕ್ಕಕ್ಕೆ ಸರಿದರು. ನೇತ್ರಾವತಿ, ಗುರುಪುರ ನದಿಗಳ ಮಳೆಗಾಲದಲ್ಲಿ ಟಿಪ್ಪುವಿನ ಪಡೆ ಒಂಟಿಯಾಗಿ ಉಳಿಯಿತು. ಕೊನೆಗೆ 1784ರ ಜನವರಿಯಲ್ಲಿ ಕೋಟೆ ಸೋತಿತು, ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಯಿತು. ಗೆದ್ದದ್ದು ಹೌದು. ಆದರೆ ಮಿತ್ರರ ಕೈಯಲ್ಲಿರುವ ವಿದ್ಯೆ ಮಿತ್ರರ ಜೊತೆಗೇ ಎದ್ದು ಹೋಗುತ್ತದೆ ಎಂಬ ಪಾಠವೂ ಆ ಗೆಲುವಿನ ಜೊತೆ ಬಂತು ಅಂತ ನಮಗನಿಸುತ್ತದೆ.

ಮಂಗಳೂರಿನಲ್ಲಿ ಆ ಕಾಲದ ಗುರುತುಗಳು ನಮ್ಮ ಕಣ್ಣೆದುರೇ ಉಂಟು. ಬೋಳೂರಿನ ಸುಲ್ತಾನ್ ಬತ್ತೇರಿ 1784ರದ್ದು, ಗುರುಪುರ ನದಿಯೊಳಗೆ ಯುದ್ಧದ ಹಡಗು ನುಗ್ಗದಂತೆ ಕಾಯಲು ಕರಿಕಲ್ಲಿನಲ್ಲಿ ಕಟ್ಟಿದ್ದು. ಬೆಳ್ತಂಗಡಿ ಕಡೆಯ ಜಮಾಲಾಬಾದ್ ಕೋಟೆಯೂ ಅವರದ್ದೇ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯನ್ನು ಟಿಪ್ಪು ನವೀಕರಿಸಿ ಮಗಳ ಹೆಸರಿಟ್ಟರು ಎಂಬ ಮಾತನ್ನು ನಮ್ಮ ಹಿರಿಯರಿಂದ ಎಲ್ಲರೂ ಕೇಳಿದ್ದೇವೆ. ಆ ಮಸೀದಿಯ ಒಳಗಿನ ಮರದ ಕೆತ್ತನೆ ನೋಡಿದವರಿಗೆ ಒಂದು ಸಂಗತಿ ಗೊತ್ತುಂಟು. ಕೆಲಸ ಮಾಡಿದವನ ಕೈ ಎಷ್ಟು ನಿಧಾನವಾಗಿ ಹೋಗಿರಬೇಕು ಅಂತ ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಟಿಪ್ಪುವಿನ ಬಂದೂಕುಗಳ ಬಗ್ಗೆ ಓದುವಾಗ ನಮಗೆ ಮೊದಲು ನೆನಪಾದದ್ದು ಆ ಕಂಬಗಳೇ.

ಪಟ್ಟಕ್ಕೆ ಬಂದ ಮೇಲೆ ಟಿಪ್ಪು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು: ಆಯುಧ ಕೊಳ್ಳುವುದಕ್ಕಿಂತ ಮಾಡುವುದು ಮೇಲು ಅಂತ ತೀರ್ಮಾನಿಸಿದ್ದು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ಅಂದರೆ ಈಗಿನ ಹೊಸನಗರ ತಾಲೂಕಿನ ನಗರ, ಈ ನಾಲ್ಕು ಕಡೆ ತಾರಾಮಂಡಲ ಎಂಬ ಹೆಸರಿನ ಕಾರ್ಖಾನೆ ಪೇಟೆಗಳು ಎದ್ದವು. ಹೆಸರಿನ ಅರ್ಥ ನಕ್ಷತ್ರಗಳ ಗುಂಪು. ರಾತ್ರಿ ಆಕಾಶಕ್ಕೆ ಹಾರುವ ಬಾಣ, ಅಂದರೆ ರಾಕೆಟ್, ಇಲ್ಲಿ ತಯಾರಾಗುತ್ತಿದ್ದುದರಿಂದ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಆ ರಾಕೆಟನ್ನು ನೋಡಿಯೇ ಇಂಗ್ಲಿಷರು ಮುಂದೆ ತಮ್ಮ ವೂಲ್‌ವಿಚ್‌ನಲ್ಲಿ ಕಾಂಗ್ರೀವ್ ರಾಕೆಟ್ ಮಾಡಿದರು ಎಂಬುದು ಲೋಕಕ್ಕೆ ಗೊತ್ತಿರುವ ಮಾತು.

ಕಾರ್ಖಾನೆ ಅಂದರೆ ಕಟ್ಟಡ ಮಾತ್ರ ಆಗುವುದಿಲ್ಲವಲ್ಲ. ಕಬ್ಬಿಣ ಬೇಕು, ಗಂಧಕ ಬೇಕು, ಕೈ ಪಳಗಿದ ಜನ ಬೇಕು. ಕಬ್ಬಿಣಕ್ಕೆ ಮೈಸೂರು ಸೀಮೆಯಲ್ಲಿ ಬಡತನ ಇರಲಿಲ್ಲ. ಮಾಗಡಿ ಕಡೆಯಲ್ಲೂ ಚನ್ನರಾಯನದುರ್ಗದ ಕಡೆಯಲ್ಲೂ ಅದಿರನ್ನು ಕರಗಿಸಿ ಕಬ್ಬಿಣ, ಉಕ್ಕು ತೆಗೆಯುವ ಸಣ್ಣ ಸಣ್ಣ ಕುಲುಮೆಗಳಿದ್ದವು. ಟಿಪ್ಪು ಹೋದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಸುತ್ತಿದ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಆ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನರಾಯನದುರ್ಗದ ಉಕ್ಕಿನ ತಂತಿ ವೀಣೆ, ಸಿತಾರುಗಳಿಗಾಗಿ ದೂರದ ಊರುಗಳಿಗೆ ಹೋಗುತ್ತಿತ್ತು. ಅಂಥ ಉಕ್ಕು ಎಳೆಯುವವರಿಗೆ ಬಂದೂಕಿನ ನಳಿಗೆ ದೊಡ್ಡ ಮಾತಲ್ಲ.

ಗಂಧಕಕ್ಕೆ ಕಡಲು ದಾಟಬೇಕಿತ್ತು. ಮಸ್ಕತ್ತಿನಲ್ಲಿ ಟಿಪ್ಪು ಸರ್ಕಾರದ ವ್ಯಾಪಾರದ ಕೋಠಿಯೇ ಇತ್ತು. ಮಂಗಳೂರಿನಿಂದ ಅಕ್ಕಿ, ಕರಿಮೆಣಸು, ಏಲಕ್ಕಿ, ಶ್ರೀಗಂಧ ಅಲ್ಲಿಗೆ ಹೋಗುತ್ತಿತ್ತು. ಬರುವಾಗ ಗಂಧಕ, ತಾಮ್ರ, ಕಲ್ಲುಪ್ಪು ಬರುತ್ತಿತ್ತು. ಇಂದು ಮಸ್ಕತ್ತಿಗೆ ವಿಮಾನ ಹತ್ತುವ ನಮ್ಮ ಹುಡುಗರಿಗೆ ಈ ದಾರಿ ಹೊಸದಲ್ಲ ಅಂತ ತಿಳಿದರೆ ಸಂತೋಷವಾದೀತು.

ಇನ್ನು ಜನ. ಇದ್ದ ಕಮ್ಮಾರರು, ಅಕ್ಕಸಾಲಿಗರು, ಬಡಗಿಗಳು ಸಾಲದೆಂದು ಟಿಪ್ಪು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಗೆ ರಾಯಭಾರ ಕಳಿಸಿದರು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆಯನ್ನು ಕಂಡರು. ಸೈನ್ಯದ ನೆರವು ಸಿಗಲಿಲ್ಲ. ಆದರೆ ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಗಾಜು, ಪಿಂಗಾಣಿ ಕೆಲಸದವರು ಹೀಗೆ ಕುಶಲಕರ್ಮಿಗಳ ಒಂದು ತಂಡ ಮೈಸೂರಿಗೆ ಬಂತು. ಸೈನಿಕರನ್ನು ಕೇಳಿದ ದೊರೆಗಳು ಬಹಳ ಮಂದಿ. ಕಮ್ಮಾರರನ್ನು ಕೇಳಿದವರು ಕಡಿಮೆ.

ಈಗ ಬಂದೂಕನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಆ ಕಾಲದ್ದು ಚಕಮಕಿ ಬಂದೂಕು. ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿನ ತಟ್ಟೆಗೆ ಬಡಿದು ಕಿಡಿ ಹಾರುತ್ತದೆ, ಕಿಡಿ ಮದ್ದಿಗೆ ಬೀಳುತ್ತದೆ, ಗುಂಡು ಹಾರುತ್ತದೆ. ಮುಖ್ಯ ಭಾಗ ನಳಿಗೆ. ಒಳ್ಳೆಯ ನಳಿಗೆ ಮಾಡಲು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಒಂದು ಸರಳಿನ ಸುತ್ತ ಬಳ್ಳಿಯಂತೆ ಸುತ್ತುತ್ತಾರೆ. ಸುತ್ತಿದ್ದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಒಂದಾಗಿಸುತ್ತಾರೆ. ಆಮೇಲೆ ಒಳಗೆ ಕೊರೆದು ನೇರ ಮಾಡಬೇಕು. ಎಲ್ಲೋ ಒಂದು ಕಡೆ ಬೆಸುಗೆ ಸರಿಯಾಗದಿದ್ದರೆ ನಳಿಗೆ ಒಡೆಯುತ್ತದೆ, ಹೊಡೆದವನ ಕೈ, ಕಣ್ಣು ಹೋಗುತ್ತದೆ. ಹಾಗಾಗಿ ಅಲಂಕಾರಕ್ಕೆ ಮೊದಲು ನಂಬಿಕೆ. ಮಾಡಿದವನು ಹೆಸರು ಹಾಕುವುದು ಅಂದರೆ ಇದು ಒಡೆಯುವುದಿಲ್ಲ, ಒಡೆದರೆ ನನ್ನನ್ನು ಕೇಳಿ ಅಂತ ಹೇಳಿದ ಹಾಗೆ.

ಅಲಂಕಾರದ ಕೆಲಸ ನಂತರದ್ದು. ಚಿನ್ನ ಕೂರಿಸುವುದರಲ್ಲಿ ಎರಡು ಬಗೆ. ಒಂದರಲ್ಲಿ ಉಕ್ಕಿನ ಮೈಯನ್ನು ಉಳಿಯಿಂದ ಸಣ್ಣಗೆ ಅಡ್ಡಡ್ಡ ಗೀರಿ ಅರದ ಹಾಗೆ ಒರಟು ಮಾಡುತ್ತಾರೆ. ಅದರ ಮೇಲೆ ಕೂದಲೆಳೆಯಂಥ ಚಿನ್ನದ ತಂತಿಯನ್ನು ಇಟ್ಟು ಸುತ್ತಿಗೆಯಲ್ಲಿ ಮೆಲ್ಲನೆ ತಟ್ಟಿದರೆ ಗೀರಿನ ಹಲ್ಲುಗಳು ಚಿನ್ನವನ್ನು ಕಚ್ಚಿ ಹಿಡಿಯುತ್ತವೆ. ನಂತರ ಕಾಯಿಸಿ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಾರೆ. ಕೋಫ್ತ್‌ಗಿರಿ ಅಂತ ಇದಕ್ಕೆ ಹೆಸರು. ಇನ್ನೊಂದು ಬಗೆ ಕಷ್ಟದ್ದು. ಉಕ್ಕಿನಲ್ಲಿ ಕಾಲುವೆ ತೋಡಿ, ಕಾಲುವೆಯ ತಳವನ್ನು ಬಾಯಿಗಿಂತ ಅಗಲ ಮಾಡಿ, ಅದರೊಳಗೆ ಚಿನ್ನವನ್ನು ಬಡಿದು ತುಂಬುವುದು. ಒಮ್ಮೆ ಕೂತರೆ ತಲೆಮಾರು ಕಳೆದರೂ ಎದ್ದು ಬರುವುದಿಲ್ಲ. ನಮ್ಮ ಬೀದರಿನ ಬಿದ್ರಿ ಹೂಜಿ, ತಟ್ಟೆಗಳಲ್ಲಿ ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಹೆಚ್ಚಿನ ಅಲಂಕಾರ ಇರುವುದು ನಳಿಗೆಯ ಬುಡದಲ್ಲಿ. ಅದಕ್ಕೂ ಕಾರಣ ಉಂಟು. ಮದ್ದು ಸಿಡಿಯುವುದು ಬುಡದಲ್ಲಿ, ಆದ್ದರಿಂದ ಅಲ್ಲಿ ಲೋಹ ದಪ್ಪ, ಉಳಿ ಇಳಿಸಲು ಜಾಗ ಉಂಟು. ಗುರಿ ಹಿಡಿಯುವಾಗ ಒಡೆಯನ ಕಣ್ಣೆದುರು ಬರುವುದೂ ಆ ಭಾಗವೇ.

ಆ ಜಾಗದಲ್ಲಿ ಏನಿದೆ? ಮೊದಲನೆಯದು ಹುಲಿಯ ಪಟ್ಟೆ. ಬಾಗಿದ ಎಲೆಯಂಥ ಆ ಸಣ್ಣ ಪಟ್ಟೆಗೆ ಬುಬ್ರಿ ಎನ್ನುತ್ತಾರೆ. ಸೈನಿಕರ ಅಂಗಿಯಿಂದ ಹಿಡಿದು ಸಿಂಹಾಸನದವರೆಗೆ ಟಿಪ್ಪುವಿನ ಎಲ್ಲದರಲ್ಲೂ ಈ ಪಟ್ಟೆ ಉಂಟು. ಫಿರಂಗಿಗಳ ಬಾಯಿಯನ್ನೇ ಹುಲಿಯ ಬಾಯಿಯಾಗಿ ಎರಕ ಹೊಯ್ದಿದ್ದಾರೆ. ಎರಡನೆಯದು ಅಕ್ಷರದಲ್ಲೇ ಬಿಡಿಸಿದ ಹುಲಿಯ ಮುಖ. ಅಲ್ಲಾಹನ ಸಿಂಹವೇ ವಿಜಯಿ ಎಂಬ ಅರ್ಥದ ಅರಬ್ಬಿ ಬರಹವನ್ನು ಕನ್ನಡಿಯಲ್ಲಿ ಕಂಡಂತೆ ಎಡಕ್ಕೂ ಬಲಕ್ಕೂ ಹೊಂದಿಸಿ ಬರೆದಾಗ ಹುಲಿಯ ಮೋರೆ ಕಾಣುತ್ತದೆ. ಅಲ್ಲಾಹನ ಸಿಂಹ ಅಂದರೆ ಹಝ್ರತ್ ಅಲಿ. ಅವರಿಗೆ ಹೈದರ್ ಎಂಬ ಹೆಸರೂ ಉಂಟು, ಹೈದರ್ ಅಂದರೂ ಸಿಂಹವೇ. ಟಿಪ್ಪುವಿನ ತಂದೆಯ ಹೆಸರೂ ಅದೇ. ಒಂದು ಗುರುತಿನಲ್ಲಿ ದೀನು, ತಂದೆ, ರಾಜ್ಯ ಮೂರನ್ನೂ ಸೇರಿಸಿದ ಬುದ್ಧಿ ಅದು. ಮೂರನೆಯದು ವರ್ಷ. ಟಿಪ್ಪು ಹಿಜ್‌ರಿ ಲೆಕ್ಕವನ್ನು ಬಿಟ್ಟು ಪ್ರವಾದಿಯವರ ಹೆಸರಿಗೆ ಕೂಡಿಸಿದ ಮೌಲೂದಿ ಲೆಕ್ಕ ಶುರು ಮಾಡಿದ್ದರು. ಹಿಜ್‌ರಿ 1200 ಆದ ಮೇಲೆ ಅವರ ನಾಣ್ಯಗಳಲ್ಲಿ 1215 ಬರುತ್ತದೆ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದರು. ಗೊತ್ತಿಲ್ಲದವರು ಓದಿದರೆ ವರ್ಷ ತಲೆಕೆಳಗಾಗುತ್ತದೆ!

ನಾಲ್ಕನೆಯದೇ ಮಾಡಿದವನ ಹೆಸರು. ಆ ಕಾಲದಲ್ಲಿ ನಮ್ಮ ನಾಡಿನ ಎಷ್ಟೋ ದೇವಸ್ಥಾನ, ಮಸೀದಿ, ಅರಮನೆಗಳ ಕೆಲಸಗಾರರು ಹೆಸರಿಲ್ಲದೆ ಮಣ್ಣಾದರು. ಸುಲ್ತಾನರ ಸ್ವಂತ ಬಂದೂಕಿನ ಮೇಲೆ, ಸುಲ್ತಾನರ ಗುರುತಿನ ಜೊತೆಗೇ, ಒಬ್ಬ ಕಮ್ಮಾರನ ಹೆಸರು ಚೊಕ್ಕವಾಗಿ ಬಂತು.

ಅಂಥ ಒಂದು ಹೆಸರು ಅಸದ್ ಖಾನ್ ಮುಹಮ್ಮದ್. ಅವನ ಒಂದು ಬಂದೂಕಿನ ಕಥೆ ಹೇಳಲೇಬೇಕು. ಅದಕ್ಕೆ ಮೊದಲು 1791 ಮತ್ತು 1792ರ ಸಂಗತಿ. ಮೂರನೇ ಯುದ್ಧದಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿಗೆ ನುಗ್ಗಿದ. 1791ರ ಮಾರ್ಚ್ 7ರಂದು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು. ಕೋಟೆ ಕಾಯುತ್ತಿದ್ದ ವಯಸ್ಸಾದ ಕಿಲ್ಲೇದಾರ್ ಬಹಾದುರ್ ಖಾನ್ ಹೋರಾಡುತ್ತಲೇ ಮಡಿದರು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದ. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ದಂಡ ತೀರುವ ತನಕ ಅಬ್ದುಲ್ ಖಾಲಿಕ್, ಮುಈಝುದ್ದೀನ್ ಎಂಬ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ಮಕ್ಕಳು ಮದರಾಸಿನಿಂದ ಮರಳಿದ್ದು 1794ರಲ್ಲಿ.

ಅಸದ್ ಖಾನ್ ಮುಹಮ್ಮದ್ ಈ ಬಂದೂಕು ಮಾಡಿದ್ದು 1793 ಮತ್ತು 94ರ ನಡುವೆ, ಅಂದರೆ ಹೆಚ್ಚು ಕಡಿಮೆ ಆ ಮಕ್ಕಳು ಮನೆಯಲ್ಲಿಲ್ಲದ ದಿನಗಳಲ್ಲಿ. ಹಕ್ಕಿ, ಸಣ್ಣ ಬೇಟೆಗೆಂದು ಮಾಡಿದ, 138 ಸೆಂಟಿಮೀಟರ್ ಉದ್ದದ ಬಂದೂಕು. ಗಟ್ಟಿ ಮರದ ಹಿಡಿಯಲ್ಲಿ ಬೆಳ್ಳಿ ಕೂರಿಸಿದೆ. ಎಲ್ಲಕ್ಕಿಂತ ದೊಡ್ಡ ವಿಶೇಷ ಅದರ ಯಂತ್ರ. ನಳಿಗೆ ಒಂದೇ, ಆದರೆ ಒಳಗೆ ಒಂದರ ಹಿಂದೆ ಒಂದು ಎರಡು ಸಲದ ಮದ್ದು, ಗುಂಡು ತುಂಬಬಹುದು. ಮೊದಲು ಮುಂದಿನದು ಹಾರುತ್ತದೆ, ಮತ್ತೆ ತುಂಬದೆಯೇ ಹಿಂದಿನದೂ ಹಾರುತ್ತದೆ. ಲೆಕ್ಕ ಒಂದಿಷ್ಟು ತಪ್ಪಿದರೆ ಎರಡೂ ಒಟ್ಟಿಗೆ ಸಿಡಿದು ಅನಾಹುತ. ಅಮೆರಿಕದ ಕೋಲ್ಟ್ ತಿರುಗುವ ಕೊಠಡಿಯ ರಿವಾಲ್ವರಿಗೆ ಪೇಟೆಂಟ್ ಪಡೆದದ್ದು 1836ರಲ್ಲಿ. ಒಮ್ಮೆ ತುಂಬಿ ಎರಡು ಸಲ ಹೊಡೆಯುವ ಉಪಾಯಕ್ಕೆ ನಮ್ಮ ಮೈಸೂರು ಸೀಮೆಯ ಕೈಗಳು ಅದಕ್ಕೂ ನಲವತ್ತು ವರ್ಷ ಮೊದಲೇ ಬೆವರು ಸುರಿಸಿದ್ದವು.

ಈ ಬಂದೂಕು ಮೊದಲು ಸಂದದ್ದು ಕಾರ್ನ್‌ವಾಲಿಸನಿಗೆ ಎಂದು ಹೇಳಲಾಗುತ್ತದೆ. ಮಕ್ಕಳನ್ನು ಒಯ್ದವನ ಕೈಗೆ ಅರಮನೆಯ ಅತಿ ಒಳ್ಳೆಯ ಕೆಲಸ! ಅದು ರಾಜನೀತಿಯ ಮರ್ಯಾದೆ ಇರಬಹುದು. ನಮ್ಮನ್ನು ಸೋಲಿಸಿದಿರಿ, ಆದರೆ ನಮ್ಮ ಕುಲುಮೆ ಆರಿಲ್ಲ ಅಂತ ತೋರಿಸಿಕೊಟ್ಟದ್ದೂ ಇರಬಹುದು. ಓದುವವರು ತಮಗೆ ತೋಚಿದ ಹಾಗೆ ತಿಳಿಯಲಿ.

1799ರ ಮೇ 4. ಜನರಲ್ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣದ ಗೋಡೆ ಒಡೆದು ಒಳಗೆ ಬಂತು. ನುಗ್ಗಿದವರ ಮುಂದಾಳು ಡೇವಿಡ್ ಬೈರ್ಡ್, ಹಿಂದೆ ಇದೇ ಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಟಿಪ್ಪು ಓಡಿ ಹೋಗಲಿಲ್ಲ. ನೀರಬಾಗಿಲಿನ ಬಳಿ, ತನ್ನ ಸಿಪಾಯಿಗಳ ಹೆಣಗಳ ನಡುವೆ, ಸಾಮಾನ್ಯ ಸೈನಿಕನ ಹಾಗೆ ಹೋರಾಡಿ ಶಹೀದರಾದರು. ಮರುದಿನ ಗುಂಬಝಿನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ದಫನ ಮಾಡಿದರು. ಮಕ್ಕಳು, ಕುಟುಂಬ ವೆಲ್ಲೂರಿಗೆ, 1806ರ ದಂಗೆಯ ನಂತರ ಕಲ್ಕತ್ತೆಗೆ.

ಆ ರಾತ್ರಿ ಪಟ್ಟಣ ಲೂಟಿಯಾಯಿತು. ಉಳಿದದ್ದನ್ನು ಇಂಗ್ಲಿಷರು ಸಮಿತಿ ಮಾಡಿ ಲೆಕ್ಕ ಹಾಕಿ ಹಂಚಿಕೊಂಡರು. ಚಿನ್ನದ ಸಿಂಹಾಸನವನ್ನು ಒಡೆದು ತುಂಡು ಮಾಡಿದರು. ಅದರ ಹುಲಿಯ ತಲೆ, ಹುಮಾ ಹಕ್ಕಿ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಇಂಗ್ಲಿಷ್ ಸಿಪಾಯಿಯ ಮೇಲೆ ಹುಲಿ ಎರಗುವ ಮರದ ಯಂತ್ರದ ಬೊಂಬೆ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಉಂಟು. ಕೋಟೆಯಲ್ಲಿ ಸಿಕ್ಕ ಫಿರಂಗಿಗಳೇ ಒಂಬೈನೂರಕ್ಕೂ ಹೆಚ್ಚು. ಸುಲ್ತಾನರ ಸ್ವಂತ ಬಂದೂಕುಗಳು ಒಬ್ಬೊಬ್ಬ ಅಧಿಕಾರಿಯ ಪೆಟ್ಟಿಗೆ ಸೇರಿ ಹಡಗು ಹತ್ತಿದವು.

ಅಲ್ಲಿ ಅವು ಗೋಡೆಯ ಅಲಂಕಾರವಾದವು, ಆಮೇಲೆ ಸಂಗ್ರಹಕಾರರ ಆಸೆಯಾದವು. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಹಕಾರ ಟಿಪ್ಪುವಿನ ಬಂದೂಕುಗಳನ್ನು ಹುಡುಕಿ ಹುಡುಕಿ ಕೂಡಿಹಾಕಿ, ನಳಿಗೆಯ ಬರಹಗಳನ್ನು ಓದಿಸಿ, 1992ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಅವರ ಸಂಗ್ರಹ 2005ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. 2015ರ ಏಪ್ರಿಲ್ 21ರಂದು ಇನ್ನೊಂದು ಹರಾಜಿನಲ್ಲಿ ಟಿಪ್ಪುವಿನ 30 ವಸ್ತುಗಳು 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋದವು. ಅದರಲ್ಲಿ ಎರಡು ಸಲ ಹೊಡೆಯುವ ಒಂದು ಬೇಟೆ ಬಂದೂಕಿಗೆ ಮಾತ್ರ 7,22,500 ಪೌಂಡ್. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಒಂದು ಕುಟುಂಬಕ್ಕೆ ಅಟ್ಟದ ಮೇಲೆ ಸಿಕ್ಕ ಟಿಪ್ಪುವಿನ ಬಂದೂಕು 60,000 ಪೌಂಡಿಗೆ ಹೋಯಿತು. ಯಾವ ಕೈಯ ಬೆವರೋ, ಯಾರ ಅಟ್ಟದ ಧೂಳೋ! ಅಸದ್ ಖಾನ್ ಮುಹಮ್ಮದ್ ಮಾಡಿದ ಬಂದೂಕಿಗೆ 2023ರಲ್ಲಿ 20 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ಬ್ರಿಟನ್ ಬಿಟ್ಟು ಹೊರಗೆ ಹೋಗದಂತೆ ಅಲ್ಲಿನ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ನಮ್ಮಿಂದ ಹೋದ ವಸ್ತು ತಮ್ಮಿಂದ ಹೋಗಬಾರದು ಅಂತ ಅವರ ಚಿಂತೆ. ಬೇಜಾರೂ ಆಗುತ್ತದೆ, ಒಳಗೊಳಗೇ ಹೆಮ್ಮೆಯೂ ಆಗುತ್ತದೆ.

ಟಿಪ್ಪುವಿನ ಬಗ್ಗೆ ಬರೆಯುವಾಗ ಒಂದು ಮಾತು ಮರೆಮಾಡಬಾರದು. ಕೊಡಗಿನಲ್ಲಿ, ಮಂಗಳೂರಿನ ಕೆಥೋಲಿಕ್ ಕುಟುಂಬಗಳಲ್ಲಿ ಅವರ ಕಾಲದ ಸೆರೆವಾಸದ ನೋವಿನ ನೆನಪು ಇಂದಿಗೂ ಉಂಟು. ನೆರೆಮನೆಯವರ ನೆನಪನ್ನು ಸುಳ್ಳು ಅನ್ನುವುದು ನಮಗೆ ಶೋಭೆಯಲ್ಲ. ಶೃಂಗೇರಿ ಮಠಕ್ಕೆ, ನಂಜನಗೂಡಿಗೆ ಕೊಟ್ಟ ಕೊಡುಗೆಗಳೂ ಅದೇ ಮನುಷ್ಯನದ್ದು. ಅವರು ತಮ್ಮ ಕಾಲದ ಒಬ್ಬ ದೊರೆ, ಯುದ್ಧ ಮಾಡಿದ ದೊರೆ. ಬಂದೂಕು ಕೂಡ ಎಷ್ಟು ಚಿನ್ನ ಹಾಕಿದರೂ ಪ್ರಾಣ ತೆಗೆಯುವ ಸಾಮಾನೇ. ಅದರಲ್ಲಿ ನಾವು ಹೆಮ್ಮೆ ಪಡಬೇಕಾದದ್ದು ಕೊಲ್ಲುವ ಶಕ್ತಿಗಲ್ಲ, ಮಾಡಿದ ಕೈಗೆ.

ಆ ಕೈಗಳು ಏನಾದವು? 1799ರ ನಂತರ ಅಂಥ ಬಂದೂಕು ಮಾಡಿಸುವ ಒಡೆಯ ಇಲ್ಲಿ ಉಳಿಯಲಿಲ್ಲ. ಕೇಳುವವರಿಲ್ಲದ ವಿದ್ಯೆ ಒಂದೆರಡು ತಲೆಮಾರಿನಲ್ಲಿ ಆರಿಹೋಗುತ್ತದೆ. ನಗರದ ಬಳಿ ಹಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಶ್ರೀರಂಗಪಟ್ಟಣದಲ್ಲಿ ಮದ್ದು, ಆಯುಧ ಇಡುತ್ತಿದ್ದ ಒಂದು ಕಟ್ಟಡ ರೈಲಿನ ಜೋಡಿ ಹಳಿಗೆ ಅಡ್ಡ ಬಂದಾಗ, 2017ರಲ್ಲಿ, ಸುಮಾರು ಸಾವಿರ ಟನ್ನಿನ ಆ ಕಟ್ಟಡವನ್ನು ಒಡೆಯದೆ ಇಡೀಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಸರಿಸಿದರು. ಕಲ್ಲನ್ನು ಉಳಿಸುವ ಉಪಾಯ ಸಿಕ್ಕಿತು. ಕುಲುಮೆಯ ಪಕ್ಕ ತಂದೆಯಿಂದ ಮಗ ಕಲಿಯುತ್ತಿದ್ದ ವಿದ್ಯೆಯನ್ನು ಹಾಗೆ ಎತ್ತಿ ಪಕ್ಕಕ್ಕೆ ಇಡಲು ಬರುವುದಿಲ್ಲ.

ನಮ್ಮ ಮನೆಗಳಲ್ಲೂ ಕೈಕೆಲಸದವರು ಉಂಟು. ಮರದ ಕೆಲಸದವರು, ಗ್ಯಾರೇಜಿನವರು, ವೆಲ್ಡಿಂಗ್ ಮಾಡುವವರು, ಹೊಲಿಯುವವರು. ಮದುವೆ ಸಂಬಂಧ ಮಾತಾಡುವಾಗ ಹುಡುಗ ಏನು ಮಾಡ್ತಾನೆ ಅಂತ ಕೇಳಿದರೆ ಇವರ ಕೆಲಸವನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುವ ರೂಢಿ ನಮ್ಮಲ್ಲಿ ಬಂದುಬಿಟ್ಟಿದೆ. ಟಿಪ್ಪು ಜಯಂತಿ ಬೇಕೋ ಬೇಡವೋ ಎಂಬ ಜಗಳದಲ್ಲಿ ನಾವು ಎಷ್ಟೋ ಮಾತು ಖರ್ಚು ಮಾಡಿದ್ದೇವೆ. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಒಬ್ಬ ಸುಲ್ತಾನ ತನ್ನ ಸ್ವಂತ ಬಂದೂಕಿನ ಮೇಲೆ ಕಮ್ಮಾರನ ಹೆಸರಿಗೆ ಜಾಗ ಬಿಟ್ಟಿದ್ದ ಎಂಬುದನ್ನು ಮಕ್ಕಳಿಗೆ ಹೇಳಲು ಮಾತ್ರ ಮರೆತೆವು. ಮುಂದಿನ ಸಲ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೋ, ಕೆ.ಆರ್. ಮಾರುಕಟ್ಟೆಯ ಕೋಟೆಗೋ ಕರೆದುಕೊಂಡು ಹೋದರೆ ಸುಲ್ತಾನರ ಹೆಸರಿನ ಜೊತೆ ಅಸದ್ ಖಾನ್ ಮುಹಮ್ಮದ್ ಎಂಬ ಹೆಸರನ್ನೂ ಹೇಳಿಕೊಡಿ. ಗುಂಬಝಿನಲ್ಲಿ ನಿಂತು ಫಾತಿಹಾ ಓದುವಾಗ ಗೋರಿ ಇಲ್ಲದ, ಗುರುತಿಲ್ಲದ ಆ ಕೆಲಸಗಾರರನ್ನೂ ದುಆದಲ್ಲಿ ಸೇರಿಸಿಕೊಳ್ಳಿ.